ಸೋತ ಹೃದಯವೂ ನರಪ್ರೇರಣೆಯೂ

1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರನು ಸಿಂಪಥೆಟಿಕ್ ನರಗಳ ತುದಿಯಿಂದ ಸ್ರವಿಸುವ ದ್ರವ್ಯವು ನಾರ್‌ಅಡ್ರಿನಲಿನ್ ಎಂದು ಸ್ಥಿರಪಡಿಸಿದನು. ಹೃದಯದ ಬಡಿತವನ್ನು ತ್ವರೆಗೊಳಿಸಿ ಬಲಪಡಿಸುವ ಈ ನರಗಳೇ ಸೋಲುತ್ತಿರುವ ಹೃದಯಕ್ಕೆ ಊರೆಗೋಲೆಂದು ವೈದ್ಯರು ಬಗೆದರು. ಆದಕಾರಣ, 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕನು ರೂಪಿಸಿದ ಬೀಟಾ ನಿರೋಧಕಗಳು ಎದೆನೋವಿಗೆ ಒಳ್ಳೆಯ ಮದ್ದೆನಿಸಿದರೂ ಹೃದಯವೈಫಲ್ಯದಲ್ಲಿ ನಿಷಿದ್ಧವಾದುವು. ದಣಿದ ಎತ್ತಿಗೆ ಬಾರುಕೋಲೇ ಬಲವೆಂದು ತಿಳಿದಂತಾಯಿತು!

1975ರಲ್ಲಿ ಗೋಥೆನ್‌ಬರ್ಗಿನ ವಾಗ್‌ಸ್ಟೈನ್ ಮತ್ತು ಸಂಗಡಿಗರು ಹೃದಯಸ್ನಾಯು ಬಲಗುಂದಿದ್ದ ಏಳು ಮಂದಿ ರೋಗಿಗಳಿಗೆ ಈ ನಿಷಿದ್ಧ ಔಷಧಗಳನ್ನೇ ಕೊಟ್ಟು, ಅವರು ಚೇತರಿಸಿದರೆಂದು ಪ್ರಕಟಿಸಿದರು. ನಂಬಿದವರು ವಿರಳ. ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದಷ್ಟೂ ಇಂಥ ರೋಗಿಗಳ ಆಯುಸ್ಸು ಕುಗ್ಗುವುದೆಂದು 1984ರಲ್ಲಿ ಅಮೆರಿಕದ ಜೇ ಕೋನ್ ಮೊದಲಾದವರು ತೋರಿಸಿದರು. ಊರೆಗೋಲೇ ದೀರ್ಘಕಾಲದಲ್ಲಿ ಹೃದಯದ ಕೋಶಗಳನ್ನು ಸವೆಸುತ್ತಿದ್ದಿತು. 1999ರಲ್ಲಿ 3,991 ರೋಗಿಗಳ ಪರೀಕ್ಷೆಯೊಂದರಲ್ಲಿ ಮೆಟೊಪ್ರೊಲಾಲ್ ಮರಣವನ್ನು ಶೇಕಡ 34ರಷ್ಟು ತಗ್ಗಿಸಿತು. ಏಳರಿಂದ ಇಲ್ಲಿಗೆ ಬರಲು 24 ವರ್ಷಗಳು ಹಿಡಿದುವು.

ಮುಪ್ಪಿನಲ್ಲಿಯೂ ಬೊಜ್ಜಿನಲ್ಲಿಯೂ, ಹೃದಯವು ಸೋಲುವ ಮೊದಲೇ, ಈ ನರಗಳ ಚಟುವಟಿಕೆ ಏರುತ್ತದೆ. ಆದರೆ ಎರಡನ್ನೂ ಒಂದೇ ಎನ್ನಲಾಗದು. ಮುಪ್ಪಿನಲ್ಲಿ ಹೃದಯದ ನರಗಳೇ ಉದ್ರಿಕ್ತವಾಗಿರುತ್ತವೆ. ಬೊಜ್ಜಿನಲ್ಲಿ ಮೂತ್ರಪಿಂಡದ ನರಗಳು ಕೆರಳುತ್ತವೆ, ರಕ್ತದೊತ್ತಡ ಏರದಿರುವವರೆಗೆ ಹೃದಯದವು ತಗ್ಗಿಯೇ ಇರುತ್ತವೆ.