ಸ್ಟ್ರೀಮಿಂಗ್ ಉತ್ತರಗಳಲ್ಲಿ ದೋಷಸಂಕೇತ

ಎಚ್‌ಟಿಟಿಪಿ ಉತ್ತರದಲ್ಲಿ ಸ್ಥಿತಿಸಂಕೇತ (200, 404, 500 ಇತ್ಯಾದಿ) ಎಲ್ಲಕ್ಕಿಂತ ಮೊದಲೇ ಹೋಗುತ್ತದೆ. ಹೋದ ಮೇಲೆ ತಿದ್ದಲಾಗದು. ಉತ್ತರವನ್ನು ತುಣುಕುತುಣುಕಾಗಿ ಕಳುಹಿಸುವ ಸ್ಟ್ರೀಮಿಂಗ್‌ನ ತೊಡಕೆಲ್ಲ ಇಲ್ಲಿಯೇ. ಹಿಂದೂಪುರದ ಹುಣಸೆಹಣ್ಣಿನ ದರಪಟ್ಟಿ ಕಲ್ಯಾಣದುರ್ಗದ ಫೋನೊಂದಕ್ಕೆ ಸಾಲುಸಾಲಾಗಿ ಬರುತ್ತಿದೆ ಎನ್ನೋಣ. ಅರ್ಧದಲ್ಲಿ ಡೇಟಾಬೇಸ್ ಕೈಕೊಟ್ಟರೂ ಫೋನಿನ ಲೆಕ್ಕಕ್ಕೆ ಅದು 200, ಎಲ್ಲ ಸರಿ! ಆದ್ದರಿಂದ ಅನುಮತಿ, ಡೇಟಾಬೇಸ್ ಸಂಪರ್ಕ ಮುಂತಾದ ತಪಾಸಣೆಗಳನ್ನು ಮೊದಲ ತುಣುಕಿಗೂ ಮುನ್ನವೇ ಮುಗಿಸಬೇಕು. ನಡುವೆ ಕೆಟ್ಟರೆ, ಎಚ್‌ಟಿಟಿಪಿ/1.1ರ ಚಂಕ್ ವಿಧಾನದಲ್ಲಿ ಕೊನೆಯ ಸೊನ್ನೆ ಉದ್ದದ ತುಣುಕನ್ನು ಕಳುಹಿಸದೆ ಸಂಪರ್ಕ ಕಡಿಯುವುದೇ ಪ್ರಾಮಾಣಿಕ ದಾರಿ. ಎಚ್‌ಟಿಟಿಪಿ/2ರಲ್ಲಿ ಆ ಸ್ಟ್ರೀಮನ್ನಷ್ಟೇ ರದ್ದುಮಾಡಬಹುದು. ಅದರ ಮೇಲೆ ನಡೆಯುವ ಜಿಆರ್‌ಪಿಸಿ ಎಂಬ ದೂರಕರೆ ಚೌಕಟ್ಟು ತನ್ನ ಸ್ಥಿತಿಯನ್ನು ಕೊನೆಗೆ, ದತ್ತಾಂಶದ ನಂತರ ಬರುವ ಟ್ರೇಲರ್‌ನಲ್ಲಿ ತಿಳಿಸುತ್ತದೆ. ಪಡೆಯುವ ಕಡೆಯೂ ಎಚ್ಚರ ಬೇಕು: ಬ್ರೌಸರಿನ ಫೆಚ್ 500 ಬಂದರೂ ತಾನಾಗಿ ದೂರುವುದಿಲ್ಲ, ಪೈಥಾನಿನ ಎಚ್‌ಟಿಟಿಪಿಎಕ್ಸ್ ಲೈಬ್ರರಿಯ ಅಸಿಂಕ್ ಸ್ಟ್ರೀಮಿನಲ್ಲಿ ದೋಷದ ವಿವರ ನೋಡಲು ಮೊದಲು ‘ಎ-ರೀಡ್’ ಕರೆದು ಉತ್ತರವನ್ನು ಪೂರ್ತಿ ಓದಿಕೊಳ್ಳಬೇಕು.