ಗೊಮ್ಮಟಸಾರದ ವೃತ್ತಿಗಳಲ್ಲಿ ಸಂದೃಷ್ಟಿಗಳ ಭಾಷಾಂತರ

ಶಾಸ್ತ್ರಗ್ರಂಥವೊಂದು ಭಾಷೆಯಿಂದ ಭಾಷೆಗೆ ಸಾಗುವಾಗ ಅದರ ವಾಕ್ಯಗಳು ಹೇಗೆ ಮಾರ್ಪಟ್ಟವು ಎಂಬುದನ್ನು ವಿದ್ವಾಂಸರು ವಿಚಾರಿಸುತ್ತ ಬಂದಿದ್ದಾರೆ. ಅದರ ರಚನೆಗಳ ಕೋಷ್ಠಕಗಳಲ್ಲಿ ಬರೆದಿರುವ ಅಕ್ಷರಗಳ ಗತಿಯೇನಾಯಿತೆಂಬ ವಿಚಾರಕ್ಕೆ ಅಷ್ಟು ಗಮನ ಸಂದಿಲ್ಲ. ಗೊಮ್ಮಟಸಾರದ ವ್ಯಾಖ್ಯಾನಪರಂಪರೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದಲ್ಲಿ ಪ್ರಾಕೃತಗಾಥೆಗಳಲ್ಲಿ ರಚಿಸಿದ ಈ ಗ್ರಂಥಕ್ಕೆ ಕೇಶವವರ್ಣಿಯು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಕನ್ನಡ ಜೀವತತ್ತ್ವಪ್ರದೀಪಿಕೆಯನ್ನು ಬರೆದನು. ಅದನ್ನು ಅನುಸರಿಸಿ 16ನೆಯ ಶತಮಾನದಲ್ಲಿ ಬೇರೊಬ್ಬ ನೇಮಿಚಂದ್ರನು ಸಂಸ್ಕೃತವೃತ್ತಿಯನ್ನು ಸಿದ್ಧಪಡಿಸಿದನು. ಬಹುಕಾಲ ಕೇಶವವರ್ಣಿಯದೇ ಎಂದು ಭಾವಿಸಲ್ಪಟ್ಟಿದ್ದ ಈ ಸಂಸ್ಕೃತವೃತ್ತಿಯ ಕರ್ತೃತ್ವವನ್ನು ನಿರ್ಣಯಿಸಿದವರು ಡಾ. ಆ. ನೇ. ಉಪಾಧ್ಯೆಯವರು. ಅದರ ಆಧಾರದ ಮೇಲೆ ಜಯಪುರದ ಪಂಡಿತ ಟೋಡರಮಲ್ಲರು ವಿಕ್ರಮ ಸಂವತ್ 1818ರಲ್ಲಿ ಢೂಂಢಾರಿ ಭಾಷೆಯ ಸಮ್ಯಗ್ಜ್ಞಾನಚಂದ್ರಿಕೆಯನ್ನು ಪೂರೈಸಿದರು.

ಕನ್ನಡದಿಂದ ಸಂಸ್ಕೃತಕ್ಕೆ ವಾಕ್ಯವನ್ನು ಮಾರ್ಪಡಿಸುವುದು ಕಷ್ಟವಾಗಿರಲಿಲ್ಲ. ಕೇಶವವರ್ಣಿಯ ಗದ್ಯವು ಸಂಸ್ಕೃತಪದಬಹುಳವಾದುದು. ಎಷ್ಟೋ ಕಡೆ ವಿಭಕ್ತಿಪ್ರತ್ಯಯ ಮತ್ತು ಕ್ರಿಯಾಪದಗಳಷ್ಟೇ ಕನ್ನಡ. ಸಂದೃಷ್ಟಿಗಳ ಸಂಗತಿ ಹಾಗಲ್ಲ. ಅಲ್ಲಿ ಜಗಚ್ಛ್ರೇಣಿಗೆ ಒಂದು ಅಡ್ಡಗೆರೆ, ಜಗತ್ಪ್ರತರಕ್ಕೆ ಎರಡು, ಘನಲೋಕಕ್ಕೆ ಮೂರು. ಸೂಚ್ಯಂಗುಲಕ್ಕೆ 2, ಪ್ರತರಾಂಗುಲಕ್ಕೆ 4, ಘನಾಂಗುಲಕ್ಕೆ 6. ಪಲ್ಯಕ್ಕೆ 'ಪ', ಅದರ ವರ್ಗಶಲಾಕೆಗೆ 'ವ', ಅನಂತಕ್ಕೆ 'ಖ'. ಇವು ಭಾಷೆಯ ಪದಗಳಲ್ಲ, ಸಂಕೇತಗಳು. ಇವನ್ನು ಭಾಷಾಂತರಿಸಬಾರದು; ಲಿಪ್ಯಂತರಿಸಲೇಬೇಕು. ಅಪಾಯವಿರುವುದು ಅಲ್ಲಿಯೇ. ಕನ್ನಡದ ಓಲೆಯಲ್ಲಿ ಪಕಾರ ವಕಾರಗಳ ಭೇದ ಅತ್ಯಲ್ಪ. ವಾಕ್ಯದೊಳಗೆ ಸಂದರ್ಭವು ಓದುಗನನ್ನು ಕಾಯುತ್ತದೆ; ಕೋಷ್ಠಕದಲ್ಲಿ ಒಂಟಿಯಾಗಿ ನಿಂತ ಅಕ್ಷರಕ್ಕೆ ಆ ರಕ್ಷಣೆಯಿಲ್ಲ. ಪಲ್ಯವು ವರ್ಗಶಲಾಕೆಯಾದರೆ ಪ್ರಮಾಣವೇ ಕೆಡುತ್ತದೆ. ನಾಗರಿಗೆ ಅದರದೇ ತೊಡಕುಂಟು: ಅಲ್ಲಿಯ ಖಕಾರವನ್ನು 'ರವ' ಎಂದು ಓದಬಹುದು, ಅನಂತವೇ ಮಾಯವಾಗಬಹುದು! ಕನ್ನಡದ 'ಖ'ಕ್ಕೆ ಆ ಭಯವಿಲ್ಲ.

ಅಂಕಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಕರ್ಮನಿಷೇಕದ ಪ್ರಸಿದ್ಧ ಅಂಕಸಂದೃಷ್ಟಿಯಲ್ಲಿ ದ್ರವ್ಯ 6300, ಸ್ಥಿತಿ 48 ಸಮಯ, ಗುಣಹಾನಿಗಳು 6, ಪ್ರತಿಯೊಂದರ ಆಯಾಮ 8. ಗುಣಹಾನಿಗಳ ದ್ರವ್ಯ ಕ್ರಮವಾಗಿ 3200, 1600, 800, 400, 200, 100. ಮೊದಲನೆಯದರಲ್ಲಿ 512ರಿಂದ ತೊಡಗಿ ಸಮಯಕ್ಕೆ 32ರಂತೆ ಇಳಿದು 288ಕ್ಕೆ ನಿಲ್ಲುತ್ತದೆ. ಕೊನೆಯದರಲ್ಲಿ 16ರಿಂದ 9ಕ್ಕೆ. ಲಿಪಿಕಾರನು 480ನ್ನು 430 ಎಂದು ಬರೆದರೆ ಮೊತ್ತವು ಕೂಡಲೆ ದೋಷವನ್ನು ತೋರಿಸುತ್ತದೆ. ಆದರೆ 'ಪ್ರಥಮ', 'ಚರಮ' ಎಂಬ ಶೀರ್ಷಿಕೆಗಳು ಅದಲುಬದಲಾದರೆ? ಮೊತ್ತ ಆಗಲೂ 6300ವೇ. ಮೊದಲಲ್ಲಿ ಅಧಿಕವಾಗಿ, ಬರಬರುತ್ತ ಕ್ಷೀಣವಾಗಿ ಉದಯಕ್ಕೆ ಬರಬೇಕಾದ ದ್ರವ್ಯವು ವಿಪರೀತಕ್ರಮದಲ್ಲಿ ತೋರುತ್ತದೆ. ಸಿದ್ಧಾಂತವೇ ತಲೆಕೆಳಗಾಗುತ್ತದೆ, ಗಣಿತ ಮೌನವಾಗಿರುತ್ತದೆ. ಆದುದರಿಂದ ಸಂಶೋಧಕನು ಅಂಕಗಳಿಗಿಂತ ಶೀರ್ಷಿಕೆಗಳನ್ನು ಹೆಚ್ಚು ಜಾಗರೂಕತೆಯಿಂದ ನೋಡತಕ್ಕದ್ದು.

ಈ ತೊಡಕನ್ನು ಟೋಡರಮಲ್ಲರು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಅವರು ಅರ್ಥಸಂದೃಷ್ಟಿಗಳಿಗೆ ಪ್ರತ್ಯೇಕ ಅಧಿಕಾರವನ್ನೇ ಮೀಸಲಿಟ್ಟು, ಸಂಕೇತವನ್ನು ಇದ್ದಂತೆಯೇ ಇರಿಸಿ, ಅದರ ಅರ್ಥವನ್ನು ದೇಶಭಾಷೆಯಲ್ಲಿ ಬಿಡಿಸಿದರು. ಭಾಷಾಂತರಕಾರನಿಗೆ ಇದಕ್ಕಿಂತ ನಿರಪಾಯವಾದ ಮಾರ್ಗವನ್ನು ನಾವು ಕಾಣೆವು.

ಭಾರತೀಯ ಜ್ಞಾನಪೀಠವು 1978ರಿಂದ ಪ್ರಕಟಿಸಿದ ಆವೃತ್ತಿಯಲ್ಲಿ ಕೇಶವವರ್ಣಿಯ ಕನ್ನಡವು ನಾಗರಿಲಿಪಿಯಲ್ಲಿ ಅಚ್ಚಾಗಿದೆ. ಅದರಿಂದ ಮರಳಿ ಕನ್ನಡಲಿಪಿಗೆ ತರುವವರು ಮುದ್ರಿತ ಕೋಷ್ಠಕಗಳನ್ನೇ ನೆಚ್ಚದೆ, ಒಂಟಿ ಅಕ್ಷರಗಳನ್ನೂ ಶೀರ್ಷಿಕೆಗಳನ್ನೂ ಓಲೆಪ್ರತಿಗಳೊಡನೆ ಒಂದೊಂದಾಗಿ ಹೋಲಿಸಿ, ಪಾಠಭೇದಗಳನ್ನು ಆಯಾ ರಚನೆಯ ಕೆಳಗೇ ಕೊಡುವುದು ಯುಕ್ತ.