ಕೀಲಿಕೈ ಹೋಯಿತು, ಕೀ ಉಳಿಯಿತು

ಹಳೆಯ ಎಚ್‌ಎಂಟಿ ಕೈಗಡಿಯಾರ ಕೊಂಡವರು ಕೀ ಕೊಡಲು ಹೋದಾಗ ಪಕ್ಕದ ಪುಟ್ಟ ಗುಂಡಿ ಕೈಗೇ ಬರುವುದುಂಟು. ಇದೇ ‘ಕ್ರೌನ್’. ಅದಿಲ್ಲದೆ ಕೀ ಕೊಡುವಂತಿಲ್ಲ, ಮುಳ್ಳು ತಿರುಗಿಸುವಂತಿಲ್ಲ.

‘ಕೀ ಕೊಡುವುದು’ ಎಂಬ ಮಾತಿನಲ್ಲೇ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಜೇಬುಗಡಿಯಾರಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಕೀಲಿಕೈ ಇರುತ್ತಿತ್ತು. ಅದನ್ನು ತೂರಿಸುವ ರಂಧ್ರದಿಂದ ಒಳಗೆ ದೂಳೂ ಸೇರುತ್ತಿತ್ತು. ಒಂದೇ ಗುಂಡಿಯಿಂದ ಎರಡೂ ಕೆಲಸ ಮಾಡುವ ವಿಧಾನ ರೂಪಿಸಿದ ಫ್ರಾನ್ಸಿನ ಆದ್ರಿಯಾಂ ಫಿಲಿಪ್, 1844ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಪಡೆದ. ಕಾಲಕ್ರಮೇಣ ಕೀಲಿಕೈ ಮರೆಯಾಯಿತು, ಮಾತು ಉಳಿಯಿತು.

ಗುಂಡಿಯು ಒಳಗಿನ ಸಪೂರ ಕಡ್ಡಿಯ ತುದಿಗೆ ತಿರುಪಿನಿಂದ ಕೂತಿರುತ್ತದೆ. ಗುಂಡಿಯಷ್ಟೇ ಕಳಚಿದ್ದರೆ ಅದೇ ಅಳತೆಯ ಮತ್ತೊಂದು ಸಾಕು. ಕಡ್ಡಿ ತುಂಡಾಗಿದ್ದರೆ ಅದನ್ನೂ ಬದಲಿಸಬೇಕು.

ಕಷ್ಟವಿರುವುದು ಇಲ್ಲಿಯೇ. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ವಾಚ್ ಕಾರ್ಖಾನೆ ಆರಂಭಿಸಿತ್ತು. ಅದರ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆ ಇಲ್ಲದ ಮೇಲೆ ರಿಪೇರಿಯವರು ಬಿಡಿಭಾಗಕ್ಕೆ ಕೆಟ್ಟ ವಾಚುಗಳನ್ನೂ ನೆಚ್ಚಬೇಕಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೂಲೆಯಲ್ಲಿ ನಿಂತುಹೋದ ಗಡಿಯಾರವಿದ್ದರೆ ಎಸೆಯದಿರುವುದು ಲೇಸು. ಅದರ ಗುಂಡಿ ಇನ್ನೊಂದನ್ನು ನಡೆಸೀತು.